‘ನಿಮ್ಮ ಹುಡುಗ ತುಂಬಾ ವೀಕು’

ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡೋ ಮೇಷ್ಟ್ರು. ಸುಲಭವಾಗಿ ಮುರಿಯುವ, ಒಡೆಯುವ, ಬಲ ಕಡಿಮೆ ಇರುವ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಎಷ್ಟೊಂದು ಪದಗಳಿವೆ ಅನ್ನೋದು ಇವತ್ತಿನ ಮಾತು. ವ್ಯಾಕರಣದ ಪಾಠ ಅಂತ ಹೆದರಬೇಡಿ. ಅದರಲ್ಲಿ ಒಂದು ಪದವನ್ನು ಯೋಚನೆಯಿಲ್ಲದೆ ಬಳಸಿ ನಾನು ಒಬ್ಬ ಹುಡುಗನ ಬಾಯಿ ಮುಚ್ಚಿಸಿದೆ. ಅಲ್ಲಿಂದಲೇ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದಿನ ಪೋಷಕರ ಸಭೆ. 8ನೇ ತರಗತಿ ಹುಡುಗನೊಬ್ಬನ ತಂದೆ ಬಂದಿದ್ದರು. ಪವರ್‌ಲೂಮ್ ಕೆಲಸದವರು. ರಾತ್ರಿ ಪಾಳಿ ಮುಗಿಸಿ ನೇರ ಶಾಲೆಗೇ ಬಂದಿದ್ದರು. ನಾನು ಅಂಕಪಟ್ಟಿಯಿಂದ ತಲೆ ಎತ್ತದೆ, ‘ನಿಮ್ಮ ಹುಡುಗ ತುಂಬಾ ವೀಕು’ ಅಂದೆ. ಹುಡುಗ ಪಕ್ಕದಲ್ಲೇ ನಿಂತಿದ್ದ.

ಅವರಿಗೆ ಗಾಬರಿಯಾಯ್ತು. ‘ಹೌದಾ ಸಾರ್? ಮನೇಲಿ ಚೆನ್ನಾಗೇ ಉಣ್ತಾನಲ್ಲ. ಟಾನಿಕ್ ಏನಾದ್ರೂ ಕೊಡಿಸ್ಲಾ?’ ಅಂದರು. ನಮ್ಮ ಕಡೆ ವೀಕ್ ಅಂದರೆ ಮೈಯಲ್ಲಿ ಕಸುವಿಲ್ಲ ಅಂತಲೇ. ವೀಕ್‌ನೆಸ್ ಅಂತ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಬರೋರು ಪ್ರತಿ ಊರಲ್ಲೂ ಇದ್ದಾರೆ. ಸುತ್ತ ಕೂತಿದ್ದವರು ನಕ್ಕರು. ನಾನೂ ನಕ್ಕೆ. ಹುಡುಗ ನಗಲಿಲ್ಲ. ಮಾರನೆಯ ದಿನದಿಂದ ಹಿಂದಿನ ಬೆಂಚಿಗೆ ಹೋಗಿ ಕೂತ. ಓದು ಅಂದರೆ ಎದ್ದು ನಿಲ್ಲುತ್ತಿದ್ದ, ಓದುತ್ತಿರಲಿಲ್ಲ.

ಇದು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಒಂದು ದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆ: ಬ್ರಿಟಲ್, ಡೆಲಿಕೇಟ್, ಫ್ಲಿಮ್ಸಿ, ಫ್ರೇಲ್, ಫ್ರಜೈಲ್, ವೀಕ್. ಅರ್ಥ ಕೇಳಿದೆ. ಎಲ್ಲಕ್ಕೂ ಬಂದ ಉತ್ತರ ಒಂದೇ: ‘ದುರ್ಬಲ ಸಾರ್.’

ಕೈಯಲ್ಲಿದ್ದ ಸೀಮೆಸುಣ್ಣವನ್ನು ಬಗ್ಗಿಸಲು ಹೋದೆ. ಟಪ್ ಅಂತ ಎರಡು ತುಂಡಾಯ್ತು. ಇದು ಬ್ರಿಟಲ್. ಮುಟ್ಟಿದರೆ ಗಟ್ಟಿ, ಆದರೆ ಬಗ್ಗೋಕೆ ಬರಲ್ಲ, ಬಗ್ಗಿಸಿದರೆ ಮುರಿಯುತ್ತೆ. ಗಾಜಿನ ಬಳೆಯೂ ಹಾಗೇ.

ಡೆಲಿಕೇಟ್‌ಗೆ ನಮ್ಮ ತೋಟದಲ್ಲೇ ಉದಾಹರಣೆ ಇತ್ತು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯೋ ಬೆಂಗಳೂರು ನೀಲಿ ದ್ರಾಕ್ಷಿ. ಹಣ್ಣಿನ ಮೇಲೆ ಬೂದಿಯಂಥ ತೆಳು ಹೊದಿಕೆ ಇರುತ್ತಲ್ಲ, ಬೆರಳು ತಾಗಿದರೆ ಅಳಿಸಿಹೋಗುತ್ತೆ. ಅದು ಹಣ್ಣಿನ ದೋಷ ಅಲ್ಲ, ಹಣ್ಣಿನ ನಾಜೂಕು. ದೇವನಹಳ್ಳಿಯ ಚಕ್ಕೋತಕ್ಕೆ ದಪ್ಪ ಸಿಪ್ಪೆ, ಆ ಭಯ ಇಲ್ಲ. ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್, ಎರಡಕ್ಕೂ ಸಿಕ್ಕಿದೆ.

ಫ್ಲಿಮ್ಸಿಗೆ ಕನ್ನಡ ಪದ ಕೊಟ್ಟಿದ್ದು ನೇಕಾರರ ಮನೆಯ ಹುಡುಗಿ: ‘ಜಾಳು ಸಾರ್, ಜಾಳು ಜಾಳು ಬಟ್ಟೆ.’ ನನಗೂ ಹೊಳೆದಿರಲಿಲ್ಲ. ಅಲ್ಲಿ ತಪ್ಪು ದಾರದ್ದಲ್ಲ, ನೇಯ್ದವರದ್ದು. ಫ್ರೇಲ್ ಅಂದಾಗ ಇನ್ನೊಬ್ಬ, ‘ನಮ್ಮಜ್ಜಿ’ ಅಂದ. ಸರಿಯಾಗೇ ಹೇಳಿದ.

ಇನ್ನು ಫ್ರಜೈಲ್. ದೇವನಹಳ್ಳಿ ಹತ್ತಿರ 2008ರಲ್ಲಿ ವಿಮಾನ ನಿಲ್ದಾಣ ಶುರುವಾಯ್ತು. ನೆಲಮಂಗಲ, ಹೊಸಕೋಟೆ ಕಡೆ ಹೆದ್ದಾರಿಯ ಪಕ್ಕ ಗೋದಾಮುಗಳು ಎದ್ದವು. ಈ ಪದ ಬರೆದ ಪೆಟ್ಟಿಗೆಗಳನ್ನು ಇಳಿಸಿ ಹತ್ತಿಸೋ ಕೆಲಸದಲ್ಲಿ ನಮ್ಮ ಮಕ್ಕಳ ಅಣ್ಣಂದಿರೇ ಇದ್ದಾರೆ. ಪದ ಓದೋಕೆ ಬಾರದವರಿಗೂ ಪಕ್ಕದಲ್ಲಿರೋ ಗಾಜಿನ ಲೋಟದ ಚಿತ್ರ ಗೊತ್ತು. ಜಗತ್ತಿನ ಎಲ್ಲ ಕಡೆಯೂ ಅದೇ ಚಿತ್ರ.

ಫ್ರಜೈಲ್, ಫ್ರೇಲ್ ಎರಡೂ ಒಂದೇ ಲ್ಯಾಟಿನ್ ಪದದಿಂದ ಬಂದವು. ಮೂಲದ ಅರ್ಥ ಮುರಿಯುವುದು. ಗಣಿತದ ಫ್ರ್ಯಾಕ್ಷನ್ ಕೂಡ ಅದೇ ಮನೆತನ. ನಮ್ಮ ಭಿನ್ನರಾಶಿಯ ‘ಭಿನ್ನ’ಕ್ಕೂ ಒಡೆದದ್ದು ಅಂತಲೇ ಅರ್ಥ. ಆದರೆ ಪೆಟ್ಟಿಗೆ ಮೇಲೆ ಫ್ರಜೈಲ್ ಅಂತ ಬರೆಯೋದು ಒಳಗಿರೋ ವಸ್ತುವನ್ನು ಬೈಯೋಕಲ್ಲ. ಎತ್ತಿಕೊಳ್ಳೋ ಮನುಷ್ಯನಿಗೆ, ‘ನಿನ್ನ ಕೈ ಜೋಪಾನ’ ಅಂತ ಹೇಳೋಕೆ.

ಕೊನೆಗೆ ಉಳಿದದ್ದು ವೀಕ್. ಹಿಂದಿನ ಬೆಂಚಿನ ಆ ಹುಡುಗನನ್ನೇ ಕನ್ನಡದಲ್ಲಿ ಕೇಳಿದೆ. ‘ಮಗ್ಗದಲ್ಲಿ ಎಳೆ ಕಡಿದರೆ ನಿಮ್ಮಪ್ಪ ಏನು ಮಾಡ್ತಾರೆ?’

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಮಗ್ಗ ನಿಲ್ಸಿ ಗಂಟು ಹಾಕ್ತಾರೆ ಸಾರ್. ಮೇಲಿಂದ ಮೇಲೆ ಕಡೀತಾ ಇದ್ರೆ ಬಿಗಿ ಜಾಸ್ತಿ ಆಗೈತಾ ಅಂತ ನೋಡ್ತಾರೆ.’

‘ದಾರನೇ ವೀಕ್ ಇದ್ರೆ?’

‘ಅದು ಕೊನೇಗೆ ನೋಡೋದು ಸಾರ್.’

ನನಗೆ ಮಾತು ಹೊರಡಲಿಲ್ಲ. ನಾನು ಮೊದಲು ನೋಡಿದ್ದೇ ದಾರವನ್ನ. ಬಿಗಿ ಎಷ್ಟಿದೆ ಅಂತ ನೋಡಿರಲಿಲ್ಲ.

ಆ ಸಂಜೆ ಇನ್ನೊಂದು ಹೊಳೆಯಿತು. ಕನ್ನಡದಲ್ಲಿ ದಾರಕ್ಕೂ ಎಳೆ ಅಂತೀವಿ. ಎಳೆ ಮಗು, ಎಳೆ ಬಿಸಿಲು ಅನ್ನುವಾಗ ಇನ್ನೂ ಬಲಿಯದ್ದು ಅಂತ ಅರ್ಥ. ಜಗ್ಗು ಅನ್ನೋದಕ್ಕೂ ಎಳೆ ಅನ್ನೋದೇ ಮಾತು. ಎಳೆಯದನ್ನು ಎಷ್ಟು ಎಳೆಯಬೇಕು ಅನ್ನೋದು ಮೇಷ್ಟ್ರಿಗೆ, ತಂದೆತಾಯಿಗೆ ಬಿಟ್ಟದ್ದು. ಇಂಗ್ಲಿಷಿನ ವೀಕ್ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ. ಅದರ ಮೂಲದಲ್ಲೂ ಇರೋದು ಬಾಗುವುದು, ಮಣಿಯುವುದು. ಮುರಿಯುವುದಲ್ಲ.

ಆಮೇಲೆ ಅವನು ಇಂಗ್ಲಿಷಿನಲ್ಲಿ ಮೊದಲಿಗನಾದ ಅಂತ ಹೇಳಿದರೆ ಸುಳ್ಳಾಗುತ್ತೆ. ನಡುವಿನ ಬೆಂಚಿಗೆ ಬಂದ. ಓದು ಅಂದರೆ ತಪ್ಪು ತಪ್ಪಾಗಿಯಾದರೂ ಓದಿದ. ಮುಂದಿನ ಸಭೆಯಲ್ಲಿ ಅವನ ತಂದೆಗೆ ನಾನೇ ಹೇಳಿದೆ: ‘ಟಾನಿಕ್ ಬೇಡ ಯಜಮಾನ್ರೇ. ಹೋದ ಸಲ ತಪ್ಪು ನಂದು. ಅವನಿಗೆ ಅಕ್ಷರ ಗೊತ್ತು, ಪದದ ಅರ್ಥವೂ ಗೊತ್ತು. ವಾಕ್ಯ ಉದ್ದ ಆದರೆ ತಡವರಿಸ್ತಾನೆ. ಅಲ್ಲಿ ಕೂತು ನೋಡೋಣ.’ ಅವರು, ‘ಹಂಗೆ ಹೇಳಿ ಸಾರ್, ತಿಳೀತದೆ’ ಅಂದರು.

ಈಗ ಯಾವ ಮಗುವಿನ ಬಗ್ಗೆಯೂ ವೀಕ್ ಅಂತ ಹೇಳಿ ನಿಲ್ಲಿಸಲ್ಲ. ಎಳೆ ಎಲ್ಲಿ ಕಡಿದಿದೆ ಅಂತ ಹೇಳ್ತೀನಿ. ನಿಮ್ಮ ಮನೆಯಲ್ಲೂ ಅಂಕಪಟ್ಟಿ ಬಂದಾಗ, ಮಗು ಪಕ್ಕದಲ್ಲೇ ನಿಂತಿರೋವಾಗ, ಒಂದು ಸಲ ಇದನ್ನು ನೆನಪು ಮಾಡ್ಕೊಳ್ಳಿ.