ಮೂರು ದಿನದಲ್ಲಿ ಪ್ರಬಂಧ ಅಚ್ಚಾಗುತ್ತಂತೆ!

ಮೊನ್ನೆ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಂದ ವೀಕ್ಷಕರೊಬ್ಬರು ಫೋನ್ ಮಾಡಿದ್ರು. "ಸರ್ರ, ನನ್ನ ಮಗಳು ಪಿಎಚ್‌ಡಿ ಮಾಡಾಕತ್ತಾಳ್ರಿ. 8 ಸಾವಿರ ಕಟ್ರಿ, ಮೂರ ದಿನದಾಗ ನಿಮ್ಮ ಪ್ರಬಂಧ ಜರ್ನಲ್‌ನ್ಯಾಗ ಹಾಕ್ತೇವಿ ಅಂತ ಮೆಸೇಜ್ ಬಂದೈತಿ. ಗೋವಿನಜೋಳ ಮಾರಿದ ರೊಕ್ಕ ಐತಿ, ಕಟ್ಟಬೇಕೋ ಬ್ಯಾಡೋ?"

ಕಟ್ಟಬೇಡಿ ಅಂದೆ. ಯಾಕೆ ಅಂತ ನಿಮಗೂ ಹೇಳ್ತೀನಿ.

ಒಳ್ಳೆಯ ಜರ್ನಲ್‌ಗೆ ಹೋದ ಪ್ರಬಂಧವನ್ನ ಮೊದಲು ಸಂಪಾದಕರು ನೋಡ್ತಾರೆ. ಎಷ್ಟೋ ಪ್ರಬಂಧಗಳು ಅಲ್ಲಿಂದಲೇ ವಾಪಸ್. ಉಳಿದದ್ದು ಅದೇ ವಿಷಯ ಬಲ್ಲ ಇಬ್ಬರು ಮೂವರ ಕೈಗೆ ಹೋಗುತ್ತೆ. ಅವರು ಯಾರು ಅನ್ನೋದು ಸಾಮಾನ್ಯವಾಗಿ ಬರೆದವರಿಗೆ ಗೊತ್ತಾಗಲ್ಲ. ಹೆಚ್ಚಿನವರು ಸಂಬಳವಿಲ್ಲದೇ ಈ ಕೆಲಸ ಮಾಡ್ತಾರೆ. ಈ ಲೆಕ್ಕ ಎಲ್ಲಿಂದ ಬಂತು? ಪ್ರಯೋಗ ಮತ್ತೊಮ್ಮೆ ಮಾಡಿದ್ರಾ? ಉತ್ತರ ಕೊಡಬೇಕು, ತಿದ್ದಬೇಕು, ಮತ್ತೆ ಕಳಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಇದೇ ಪೀರ್ ರಿವ್ಯೂ.

ಇದರಲ್ಲೂ ತಪ್ಪು ನುಸುಳುತ್ತೆ. ಬೆಂಗಳೂರಿನ ಎನ್‌ಸಿಬಿಎಸ್‌ನಿಂದ 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿಯಲ್ಲಿ ಬಂದ ಪ್ರಬಂಧವೊಂದರ ಚಿತ್ರಗಳನ್ನ ತಿದ್ದಲಾಗಿದೆ ಅಂತ ಆಮೇಲೆ ಬಯಲಾಯ್ತು. 2021ರಲ್ಲಿ ಅದು ವಾಪಸ್ ಆಯ್ತು. ಪರಿಶೀಲನೆ ಇದ್ದಲ್ಲೇ ಹೀಗೆ. ಇನ್ನು ಇಲ್ಲದ ಕಡೆ?

2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನ ಕಿತ್ತುಹಾಕ್ತು. ಮರುವರ್ಷ ಕೇರ್ ಅನ್ನೋ ಹೊಸ ಪಟ್ಟಿ ತಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸ್ತು. ಅಂದ್ರೆ ಅಸಲಿ ಯಾವುದು, ನಕಲಿ ಯಾವುದು ಅಂತ ಗುರುತಿಸೋ ಭಾರ ಈಗ ಕಾಲೇಜು, ಗೈಡ್ ಮತ್ತು ಆ ಹುಡುಗಿಯ ಮೇಲಿದೆ.

ನನ್ನದೂ ಒಂದು ತಪ್ಪಿದೆ. ಎಂಜಿನಿಯರಿಂಗ್ ಕೊನೇ ವರ್ಷ ನಾವು ನಾಲ್ವರು ದುಡ್ಡು ಹಾಕಿ ಪ್ರಾಜೆಕ್ಟ್ ಪೇಪರ್ ಅಚ್ಚು ಮಾಡಿಸಿದ್ವಿ. ವಾರದೊಳಗೆ ಸರ್ಟಿಫಿಕೇಟ್ ಬಂತು. ಒಂದು ಗ್ರಾಫ್ ತಲೆಕೆಳಗಾಗಿತ್ತು. ಯಾರೂ ಕೇಳಲಿಲ್ಲ, ಯಾಕಂದ್ರೆ ಯಾರೂ ಓದಿರಲಿಲ್ಲ.

ದುಡ್ಡು ಕೇಳಿದ್ದೆಲ್ಲ ಮೋಸ ಅಲ್ಲ. ಹೆಸರಾಂತ ಜರ್ನಲ್‌ಗಳೂ ಶುಲ್ಕ ತಗೊಳ್ತವೆ. ಆದ್ರೆ ಓದೋಕ್ಕೂ ಮೊದಲೇ "ಹಾಕ್ತೇವೆ" ಅಂದ್ರೆ ಅದು ವ್ಯಾಪಾರ. ಅವರ ಹಳೇ ಸಂಚಿಕೆ ಓದಿ. ಸಂಪಾದಕರ ಪಟ್ಟಿಯಲ್ಲಿರೋರಿಗೆ ನೇರವಾಗಿ ಮೇಲ್ ಹಾಕಿ, ಹೌದಾ ಅಂತ ಕೇಳಿ.

ಚಿಕ್ಕೇರೂರಿನ ಯಜಮಾನರೇ, ಪರಿಶೀಲಕರು ನಿಮ್ಮ ಮಗಳಿಗೆ ಹತ್ತು ಪ್ರಶ್ನೆ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ. ಅವಳು ಬರೆದದ್ದನ್ನ ಒಬ್ಬರು ಓದಿದ್ದಾರೆ ಅಂತ ಅರ್ಥ.