ಹಲ್ಲು, ಮೂಳೆ ಮತ್ತು ನಮ್ಮ ನೀರು



ಇದೇ ಶಾಲೆಯಲ್ಲಿ ಓದುವಾಗ ಹಲ್ಲಿನ ಕಂದು ಕಲೆಗೆ ನಾಚಿ ನಾನು ನಗುವುದನ್ನೇ ಬಿಟ್ಟಿದ್ದೆ. ಅದು ಕೊಳವೆಬಾವಿ ನೀರಿನ ಫ್ಲೋರೈಡ್ ಮಾಡಿದ ಕಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಎಷ್ಟೋ ಮನೆಗಳ ಕಥೆಯೂ ಇದೇ.

ಮೂಳೆಗೂ ಹಲ್ಲಿನ ಒಳಪದರಕ್ಕೂ ಗಡಸುತನ ಕೊಡುವುದು ಖನಿಜ. ಮುರಿಯದಂತೆ ತಾಳಿಕೆ ಕೊಡುವುದು ಕೊಲಾಜೆನ್ ಎಂಬ ನಾರು. ಕೋಳಿಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿದರೆ ಖನಿಜ ಕರಗಿ, ಮೂಳೆ ಬಾಗುತ್ತದೆ. ಸುಟ್ಟರೆ ನಾರು ಹೋಗಿ, ಪುಡಿಯಾಗುತ್ತದೆ. ಫ್ಲೋರೈಡ್ ಅತಿಯಾದರೆ ಇವೆರಡರ ಹೊಂದಾಣಿಕೆ ಕೆಡುತ್ತದೆ. ಮೂಳೆ ದಟ್ಟವಾದರೂ ಪೆಡಸಾಗುತ್ತದೆ.

ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಬಾರದು. ಕುದಿಸಿದರೂ ಫ್ಲೋರೈಡ್ ಹೋಗದು. ಹಲ್ಲಿಗೆ ಕಲೆ ಬೀಳುವುದು ಬಹುಪಾಲು ಎಂಟು ವರ್ಷದೊಳಗೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಶುದ್ಧ ನೀರು ಮೊದಲು ಅಂಗನವಾಡಿಗೆ ಸಿಗಲಿ. ಮುಂದಿನ ಮಕ್ಕಳು ಬಾಯ್ತುಂಬ ನಗಲಿ.