ಮನೆಯಲ್ಲೇ ಟೊಮೇಟೊ ಸಾಸ್ ತಯಾರಿಕೆ
(ಬೆಳ್ಳೂರು ಭಾಗದ ರೈತ ಕುಟುಂಬಗಳಿಗಾಗಿ ಮಾಡಿದ ಭಾಷಣ)



ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸುತ್ತಮುತ್ತ ಟೊಮೇಟೊ ಬೆಳೆಯುವವರಿಗೆ ಬೆಲೆ ಕುಸಿತದ ಅನುಭವ ಹೊಸದಲ್ಲ. ಕೊಯ್ಲಿನ ಕೂಲಿಯೂ ಹುಟ್ಟದಿದ್ದಾಗ ಹಣ್ಣು ಹೊಲದಲ್ಲೇ ಕೊಳೆಯುತ್ತದೆ. ಸಾಸ್ ಮಾಡಿದ ಮಾತ್ರಕ್ಕೆ ಇಡೀ ಬೆಳೆಯ ನಷ್ಟ ತುಂಬಿ ಬಾರದು. ಆದರೆ ಬೆಲೆ ಏರಿದ ತಿಂಗಳುಗಳಲ್ಲಿ ಮನೆಯವರು ಹಣ್ಣು ಕೊಳ್ಳುವುದು ತಪ್ಪುತ್ತದೆ.

ಗಿಡದಲ್ಲೇ ಕೆಂಪಾದ, ಗಟ್ಟಿ ತಿರುಳಿನ ಹಣ್ಣು ಆರಿಸಬೇಕು. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದಕ್ಕೆ ಒಪ್ಪುವ ತಳಿ. ಅತಿಯಾಗಿ ಕಳಿತ, ಕೊಳೆತ ಅಥವಾ ಒಣಗಿದ ಗಿಡದ ಹಣ್ಣಿನಲ್ಲಿ ಹುಳಿ ಕಡಿಮೆ, ಅದು ಬೇಡ.

10 ಕಿಲೋ ಹಣ್ಣಿಗೆ ಸುಮಾರು 3 ಲೀಟರ್ ಗಟ್ಟಿ ಸಾಸ್ ದೊರೆಯುತ್ತದೆ. ಹಣ್ಣು ತೊಳೆದು, ತೊಟ್ಟಿನ ಭಾಗ ತೆಗೆದು, ಹೆಚ್ಚಿದ ಕೂಡಲೇ ಸ್ಟೀಲ್ ಪಾತ್ರೆಯಲ್ಲಿ ಕುದಿಸಬೇಕು. ತಡವಾದರೆ ರಸ ನೀರಾಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಸಲ್ಲದು. ಬೆಂದ ಹಣ್ಣನ್ನು ಜರಡಿಯಲ್ಲಿ ತಿಕ್ಕಿ ಸಿಪ್ಪೆ, ಬೀಜ ಬೇರ್ಪಡಿಸಿ, ರಸ ಅರ್ಧಕ್ಕೆ ಇಳಿಯುವವರೆಗೆ ಕೈಯಾಡಿಸುತ್ತಾ ಕಾಯಿಸಬೇಕು.

ಮುಖ್ಯವಾದ ಮಾತು ಹುಳಿಯದು. ಹುಳಿ ಸಾಲದಿದ್ದರೆ ಮುಚ್ಚಿದ ಸೀಸೆಯಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಪ್ರಾಣಾಪಾಯದ ವಿಷ ಹುಟ್ಟಬಹುದು. ಅದಕ್ಕೆ ವಾಸನೆಯೂ ಇರದಿರಬಹುದು. ನಿಂಬೆಹಣ್ಣಿನ ಹುಳಿ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಅರ್ಧ ಲೀಟರ್ ಸೀಸೆಗೆ ಕಾಲು ಚಹಾ ಚಮಚ ಸಿಟ್ರಿಕ್ ಆಮ್ಲ ಹಾಕಬೇಕು. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆಯನ್ನು ಸೀಸೆಗೆ ಸೇರಿಸಬಾರದು.

ಬಿಸಿ ನೀರಿನಲ್ಲಿ ತೊಳೆದ, ಗಾಳಿಯಾಡದ ಮುಚ್ಚಳದ ಗಾಜಿನ ಸೀಸೆಗೆ ಅರ್ಧ ಅಂಗುಲ ಬಿಟ್ಟು ಬಿಸಿ ಸಾಸ್ ತುಂಬಿರಿ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಸೀಸೆಗಳ ಮೇಲೆ ಒಂದು ಅಂಗುಲ ಬಿಸಿ ನೀರು ನಿಲ್ಲುವಂತೆ ಇಡಿರಿ. ನೀರು ಕುದಿಯತೊಡಗಿದ ಮೇಲೆ 45 ನಿಮಿಷ ಲೆಕ್ಕ ಹಾಕಿರಿ. ಸಮುದ್ರಮಟ್ಟಕ್ಕಿಂತ ಎತ್ತರವಾದ ಈ ಪ್ರದೇಶದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಲ್ಲೇ ಕುದಿಯುತ್ತದೆ; ಅದಕ್ಕಾಗಿ ಹೆಚ್ಚು ಸಮಯ ಬೇಕು.

ತಣ್ಣಗಾದ ಸೀಸೆಗೆ ದಿನಾಂಕ ಬರೆದು ಕತ್ತಲೆಯ ತಂಪು ಜಾಗದಲ್ಲಿಡಿರಿ. ಒಂದು ವರ್ಷದೊಳಗೆ ಬಳಸಿರಿ. ಮುಚ್ಚಳ ಉಬ್ಬಿದ್ದರೆ, ನೊರೆ ಬಂದಿದ್ದರೆ ರುಚಿ ನೋಡದೆ ಎಸೆಯಿರಿ. ತೆರೆದ ಸೀಸೆಯನ್ನು ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು.

ಬಳಸುವಾಗ ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಸಾಸ್ ಕುದಿಸಿ, ಉಪ್ಪು, ಮೆಣಸಿನ ಪುಡಿ ಬೆರೆಸಿರಿ. ಈಗ ಮಕ್ಕಳು ಕೇಳುವ ಪಾಸ್ತಾಕ್ಕೂ, ಮನೆಯ ಶಾವಿಗೆಗೂ ಇದು ಹೊಂದುತ್ತದೆ, ಸಾರಿಗೂ ಆಗುತ್ತದೆ. ಮಾರುವ ಉದ್ದೇಶವಿದ್ದವರು ಮೊದಲು ಆಹಾರ ಸುರಕ್ಷತಾ ನೋಂದಣಿ ಪಡೆಯಬೇಕು. ಮೊದಲ ಸಲ 5 ಕಿಲೋ ಹಣ್ಣಿನಿಂದ ಆರಂಭಿಸಿ, ಕೈ ಕುದುರಿದ ಮೇಲೆ ಹೆಚ್ಚಿಸುವುದು ಲೇಸು.